ಲಾರಿಯ ಕೂಲೆಂಟ್ ಎಲ್ಲಿಗೆ ಹೋಗುತ್ತದೆ?

ಕುಂದಾಪುರದಿಂದ ಸಿದ್ದಾಪುರ, ಹೊಸಂಗಡಿಯ ಮಾರ್ಗವಾಗಿ ಹುಲಿಕಲ್ ಘಾಟಿ ಏರುವ ಲಾರಿಗಳ ಕ್ಯಾಬಿನ್ನಿನಲ್ಲಿ ನೀರಿನ ಕ್ಯಾನ್ ಒಂದು ಇದ್ದೇ ಇರುತ್ತದೆ. ರೇಡಿಯೇಟರಿನಲ್ಲಿ ಮಟ್ಟ ಇಳಿದಾಗ ನೀರು ಸುರಿದು ಪ್ರಯಾಣ ಮುಂದುವರಿಸುವುದು ಚಾಲಕರ ಹಳೆಯ ರೂಢಿ. ಹೀಗೆ ಸುರಿದ ನೀರಿಗೆ ಬೆಲೆಯಿಲ್ಲ, ರಸೀದಿಯಿಲ್ಲ. ಆದುದರಿಂದ ಅದು ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ದಾಖಲಾಗದ ನಷ್ಟವು ಮಾಲಿಕನ ಕಣ್ಣಿಗೂ ಬೀಳುವುದಿಲ್ಲ. ಹೆಂಚು, ಗೇರುಬೀಜ, ಮೀನು ಇವುಗಳ ಸಾಗಣೆಗೆ ಒಂದೆರಡು ಸ್ವಂತ ಲಾರಿಗಳನ್ನಿಟ್ಟುಕೊಂಡಿರುವ ವರ್ತಕರು ಗಮನಿಸಬೇಕಾದ ವಿಷಯ ಇದು.

ಭಾರಿ ಡೀಸೆಲ್ ವಾಹನದ ಕೂಲೆಂಟ್ ವ್ಯವಸ್ಥೆಯು ಮುಚ್ಚಿದ ವ್ಯವಸ್ಥೆ. ಎಣ್ಣೆಯಂತೆ ಅದು ಸವೆಯುವ ವಸ್ತುವಲ್ಲ. ಇಂಜಿನ್ ತಣ್ಣಗಿರುವಾಗ ನೋಡಿದ ಮಟ್ಟವು ವಾರದಿಂದ ವಾರಕ್ಕೆ ಇಳಿಯುತ್ತಿದ್ದರೆ, ಅದು ಎಲ್ಲಿಯೋ ಹೋಗುತ್ತಿದೆ ಎಂದೇ ಅರ್ಥ. (ಹೊಸದಾಗಿ ಕೂಲೆಂಟ್ ಬದಲಿಸಿದ ಮೊದಲ ಕೆಲವು ದಿನ ಒಳಗಿನ ಗಾಳಿ ಹೊರಬಂದು ಮಟ್ಟ ತುಸು ಇಳಿಯುವುದುಂಟು. ಅಗತ್ಯಕ್ಕಿಂತ ಹೆಚ್ಚು ತುಂಬಿದರೂ ಬಿಸಿಯಾದಾಗ ಉಕ್ಕಿ ಹೋಗುತ್ತದೆ. ಅವು ದೋಷಗಳಲ್ಲ.)

ಎಲ್ಲಿ ಹೋಗುತ್ತಿದೆ ಎಂಬುದನ್ನು ಹುಡುಕುವಾಗ ಕಡಿಮೆ ಖರ್ಚಿನ ಕಡೆಯಿಂದ ಆರಂಭಿಸುವುದು ವಿವೇಕ. ಎಲ್ಲಕ್ಕಿಂತ ಅಗ್ಗದ ಭಾಗ ಕ್ಯಾಪ್. ಒತ್ತಡ ಹೆಚ್ಚಿದಂತೆ ನೀರು ಕುದಿಯುವ ಉಷ್ಣತೆಯೂ ಏರುತ್ತದೆ. ಒಂದು ಬಾರ್ ಹೆಚ್ಚುವರಿ ಒತ್ತಡದಲ್ಲಿ ಅದು ಸುಮಾರು 120 ಡಿಗ್ರಿ ಸೆಲ್ಸಿಯಸ್. ಕ್ಯಾಪಿನ ಸ್ಪ್ರಿಂಗ್ ಸಡಿಲವಾದರೆ ಈ ರಕ್ಷಣೆ ತಪ್ಪಿ, ಘಾಟಿಯಲ್ಲಿ ಕೂಲೆಂಟ್ ಕುದಿದು ಹೊರಚೆಲ್ಲುತ್ತದೆ. ಸಮತಟ್ಟಾದ ಹೆದ್ದಾರಿಯಲ್ಲಿ ಕೇರಳಕ್ಕೆ ಹೋಗಿ ಬಂದಾಗ ಅದೇ ಲಾರಿಯಲ್ಲಿ ಏನೂ ತಿಳಿಯದು. ರಾತ್ರಿ ನಿಲ್ಲಿಸಿದಲ್ಲಿ ಬೆಳಿಗ್ಗೆ ತೇವ ಕಂಡರೆ ಹೋಸ್ ಪೈಪಿನ ಕ್ಲಿಪ್ಪುಗಳನ್ನೂ ವಾಟರ್ ಪಂಪಿನ ಕೆಳಗಿನ ಸಣ್ಣ ರಂಧ್ರವನ್ನೂ ನೋಡಬೇಕು. ಬಿಸಿಯಾದಾಗ ಬಿಗಿಯಾಗಿದ್ದು ತಣಿದಾಗ ಮಾತ್ರ ಜಿನುಗುವ ಜೋಡಣೆಗಳೂ ಇವೆ.

ಹೊರಗೆ ಎಲ್ಲಿಯೂ ತೇವವಿಲ್ಲದೆ ಮಟ್ಟ ಇಳಿಯುತ್ತಿದ್ದರೆ ವಿಷಯ ಗಂಭೀರ. ತಣ್ಣಗಿರುವ ಇಂಜಿನ್ನಿಗೆ ಕೈಪಂಪಿನಿಂದ, ಕ್ಯಾಪಿನ ಮೇಲೆ ನಮೂದಿಸಿದಷ್ಟೇ ಒತ್ತಡ ಕೊಟ್ಟು ಮುಳ್ಳು ಇಳಿಯುತ್ತದೆಯೇ ಎಂದು ನೋಡಬೇಕು. ಒಂದು ರಾತ್ರಿ ಹಾಗೆಯೇ ಬಿಟ್ಟು ನೋಡುವುದು ಇನ್ನೂ ಉತ್ತಮ. ಟ್ಯಾಂಕಿನಲ್ಲಿ ನಿರಂತರವಾಗಿ ಗುಳ್ಳೆ ಏಳುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಸಂಶಯ. ಏರ್ ಬ್ರೇಕಿನ ಕಂಪ್ರೆಸರನ್ನು ಕೂಲೆಂಟಿನಿಂದಲೇ ತಣಿಸುವ ಲಾರಿಗಳಲ್ಲಿ ಅದರ ಹೆಡ್ಡಿನ ದೋಷವೂ ಇದೇ ಗುಳ್ಳೆಗಳನ್ನು ತೋರಿಸಬಲ್ಲದು. ಇದನ್ನು ಪರೀಕ್ಷಿಸದೆ ಇಂಜಿನ್ನಿನ ಹೆಡ್ ಇಳಿಸಿದರೆ ದೊಡ್ಡ ಬಿಲ್ಲು ವ್ಯರ್ಥ. ಸೈಲೆನ್ಸರಿನಿಂದ ಬಿಡದೆ ಬರುವ ಬಿಳಿ ಹೊಗೆ, ಎಣ್ಣೆಯಲ್ಲಿ ಹಾಲಿನಂತಹ ಬಣ್ಣ ಇವು ತಡವಾಗಿ ಕಾಣುವ ಲಕ್ಷಣಗಳು. ಹೊಗೆಯನ್ನು ತಣಿಸಿ ಮರಳಿ ಇಂಜಿನ್ನಿಗೆ ಕಳುಹಿಸುವ ಇಜಿಆರ್ ಕೂಲರ್ ಇರುವ ವಾಹನಗಳಲ್ಲಿ ಆ ಕೂಲರ್ ಬಿರುಕು ಬಿಟ್ಟರೂ ಕೂಲೆಂಟ್ ಸದ್ದಿಲ್ಲದೆ ಹೊಗೆಯೊಡನೆ ಹೋಗುತ್ತದೆ.

ನೀರು ಸುರಿಯುವ ಅಭ್ಯಾಸವೇ ಮುಂದಿನ ಸೋರಿಕೆಗೆ ಕಾರಣವಾಗುವುದನ್ನು ಬಹಳ ಮಂದಿ ಗಮನಿಸಿಲ್ಲ. ಕೂಲೆಂಟಿನಲ್ಲಿರುವ ತುಕ್ಕು ತಡೆಯುವ ದ್ರವ್ಯಗಳು ಪ್ರತಿ ಸಲವೂ ತೆಳುವಾಗುತ್ತವೆ. ಆಗ ನೀರಿನ ಸಂಪರ್ಕದಲ್ಲಿರುವ ಲೈನರುಗಳ ಹೊರಮೈಯಲ್ಲಿ ಕಂಪನದಿಂದ ಹುಟ್ಟುವ ಗುಳ್ಳೆಗಳು ಒಡೆದು, ಕಾಲಕ್ರಮದಲ್ಲಿ ಸೂಜಿಯ ರಂಧ್ರಗಳಾಗುತ್ತವೆ. ಗಂಗೊಳ್ಳಿಯ ಅಳಿವೆಯಂತಹ ಉಪ್ಪುನೀರಿನ ಪ್ರದೇಶಕ್ಕೆ ಹತ್ತಿರದ ಬಾವಿಗಳ ನೀರಾದರೆ ಉಪ್ಪಿನ ಅಂಶದಿಂದ ತುಕ್ಕು ಇನ್ನೂ ಬೇಗ. ಬಿಡುವಿಲ್ಲದ ದಾರಿಯಲ್ಲಿ ಒಮ್ಮೆ ನೀರು ಹಾಕಿದ ಚಾಲಕನದು ಅಪರಾಧವಲ್ಲ. ಊರಿಗೆ ಬಂದ ಮೇಲೆ ಅದನ್ನು ಮಾಲಿಕನಿಗೆ ತಿಳಿಸುವ ವ್ಯವಸ್ಥೆಯೇ ಇಲ್ಲದಿರುವುದು ಮಾಲಿಕನ ಲೋಪ.

ಈ ಲೋಪಕ್ಕೆ ತೆರಿಗೆಯ ಪದ್ಧತಿಯೂ ಸ್ವಲ್ಪ ಮಟ್ಟಿಗೆ ಪ್ರೋತ್ಸಾಹ ನೀಡಿದೆ ಎನ್ನಬೇಕು. ಹತ್ತಕ್ಕಿಂತ ಹೆಚ್ಚು ಸರಕು ವಾಹನಗಳಿಲ್ಲದ ಸಾಗಣೆದಾರರು ಅಂದಾಜು ಆದಾಯದ ಮೇಲೆ ತೆರಿಗೆ ಕಟ್ಟಬಹುದು. 2018ರ ಹಣಕಾಸು ಕಾಯಿದೆಯು 12 ಟನ್ ಮೀರಿದ ವಾಹನಗಳಿಗೆ ಒಟ್ಟು ತೂಕದ ಪ್ರತಿ ಟನ್ನಿಗೆ ತಿಂಗಳಿಗೆ 1,000 ರೂಪಾಯಿ ಎಂದು ನಿಗದಿಗೊಳಿಸಿತು. ಅದರಂತೆ 28 ಟನ್ನಿನ ಲಾರಿಗೆ ತಿಂಗಳಿಗೆ 28,000 ರೂಪಾಯಿ. ಲಾರಿ ಇಂಜಿನ್ ಇಳಿಸಿಕೊಂಡು ಗ್ಯಾರೇಜಿನಲ್ಲಿ ನಿಂತಿದ್ದರೂ, ಅದರ ಒಡೆತನವಿರುವ ತಿಂಗಳಿಗೆ ಈ ಲೆಕ್ಕ ತಪ್ಪದು. ರಿಪೇರಿಯ ಖರ್ಚನ್ನು ಅದರಿಂದ ಪ್ರತ್ಯೇಕವಾಗಿ ಕಳೆಯುವಂತೆಯೂ ಇಲ್ಲ. ಲೆಕ್ಕದ ಪುಸ್ತಕ ಬೇಡವೆಂಬ ಸೌಲಭ್ಯವನ್ನು ವಾಹನದ ಪುಸ್ತಕವೂ ಬೇಡವೆಂದು ಅರ್ಥೈಸಿಕೊಂಡವರೇ ಹೆಚ್ಚು. ವಿಮೆಯನ್ನು ನಂಬುವಂತೆಯೂ ಇಲ್ಲ. ಸಾಮಾನ್ಯ ಮೋಟಾರು ಪಾಲಿಸಿಯಲ್ಲಿ ಯಾಂತ್ರಿಕ ದೋಷದಿಂದಾದ ಹಾನಿಗೆ ಪರಿಹಾರವಿಲ್ಲ. ಸೋರಿ ಬಿಸಿಯಾಗಿ ಸಿಕ್ಕಿಕೊಂಡ ಇಂಜಿನ್ನಿನ ವೆಚ್ಚ ಲಕ್ಷಗಳಲ್ಲಿ ಮಾಲಿಕನ ಕೈಯಿಂದಲೇ ಹೋಗುತ್ತದೆ, ಬ್ಯಾಂಕಿನ ಕಂತು ನಿಲ್ಲುವುದಿಲ್ಲ.

ಬೇಕಾದುದು ಪ್ರತಿ ಲಾರಿಗೆ ಒಂದು ಪುಟ್ಟ ಪುಸ್ತಕ: ದಿನಾಂಕ, ಕಿಲೋಮೀಟರ್, ಎಷ್ಟು ಲೀಟರ್ ಸೇರಿಸಲಾಯಿತು, ಘಾಟಿಯೋ ಬಯಲೋ. ಎರಡು ತಿಂಗಳ ಬರಹವನ್ನು ಮುಂದಿಟ್ಟರೆ ಅನುಭವಿ ಮೆಕ್ಯಾನಿಕ್ ಅರ್ಧ ದಾರಿ ಕ್ರಮಿಸಿದಂತೆ. ಘಾಟಿಯಲ್ಲಿ ಮಾತ್ರ ಕಡಿಮೆಯಾಗುವುದು, ನಿಂತಲ್ಲಿಯೇ ಕಡಿಮೆಯಾಗುವುದು, ಎಲ್ಲೆಡೆ ಸಮನಾಗಿ ಕಡಿಮೆಯಾಗುವುದು ಬೇರೆ ಬೇರೆ ಕಾಯಿಲೆಗಳು.

ಮೀನಿನ ಲಾರಿಗಳವರಿಗೆ ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆಯ ನಿಷೇಧದ ಅವಧಿಯೇ ಒತ್ತಡ ಪರೀಕ್ಷೆಗೆ ಸೂಕ್ತ ಕಾಲ. ಪರೀಕ್ಷೆಯ ಕೈಪಂಪು ಒಬ್ಬೊಬ್ಬರೂ ಕೊಳ್ಳಬೇಕಾದ ವಸ್ತುವಲ್ಲ. ನಾಲ್ಕಾರು ಮಾಲಿಕರು ಸೇರಿ ಒಂದನ್ನು ಕೊಂಡು ಪರಿಚಿತ ಗ್ಯಾರೇಜಿನಲ್ಲಿ ಇಡಬಹುದು. ಬಾಯಿಯ ಅಳತೆ ವಾಹನದಿಂದ ವಾಹನಕ್ಕೆ ಬೇರೆಯಾಗುವುದರಿಂದ, ಕೊಳ್ಳುವ ಮೊದಲು ತಮ್ಮ ಲಾರಿಗಳ ಹಳೆಯ ಕ್ಯಾಪುಗಳನ್ನು ಅಂಗಡಿಗೆ ಒಯ್ಯುವುದು ಒಳ್ಳೆಯದು.