ಬಿಡಿಭಾಗಕ್ಕೆ ದುಡ್ಡು, ಬುದ್ಧಿಗೆ ಚೌಕಾಸಿ

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದವನು. ನಾಲ್ಕು ಸ್ಟ್ರೋಕ್ ಎಂಜಿನ್ನಿನ ಚಿತ್ರವನ್ನು ಈಗಲೂ ಕಣ್ಣು ಮುಚ್ಚಿ ಬಿಡಿಸಬಲ್ಲೆ. ಆದರೆ ನಮ್ಮದೇ ಮನೆಯ ಕಾರು ‘ಕಟಕಟ’ ಎಂದಾಗ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹೇಳಲು ನನ್ನಿಂದಾಗಲಿಲ್ಲ.

ಅಪ್ಪ ಸಂತೆಗಳಲ್ಲಿ ಬಟ್ಟೆ ಮಾರುತ್ತಾರೆ. ಅರಸೀಕೆರೆ, ತಿಪಟೂರು, ಹುಳಿಯಾರು ಎಂದು ವಾರವಿಡೀ ಓಡಾಟ. ಅದಕ್ಕೆ ಆಧಾರ ಕಾರ್ಬ್ಯುರೇಟರ್ ಕಾಲದ ಒಂದು ಓಮ್ನಿ. ಅದರ 796 ಸಿ.ಸಿ. ಎಂಜಿನ್ ಇರುವುದು ಮುಂದಿನ ಸೀಟಿನ ಕೆಳಗೇ. ಸಣ್ಣ ಸದ್ದಾದರೂ ನೇರ ಕಿವಿಗೆ ಬೀಳುತ್ತದೆ.

ಮೊದಲ ಗ್ಯಾರೇಜಿನವರು ‘ಟ್ಯಾಪೆಟ್ ಸದ್ದು’ ಎಂದು ಅದನ್ನು ಸರಿಮಾಡಿದರು. ಸದ್ದು ಹಾಗೇ ಇತ್ತು. ಆಮೇಲೆ ಆಯಿಲ್, ಪ್ಲಗ್, ಟೈಮಿಂಗ್ ಬೆಲ್ಟ್ ಒಂದೊಂದಾಗಿ ಬದಲಾದವು. ₹6,400 ಖರ್ಚಾಯಿತು, ಸದ್ದು ಹೋಗಲಿಲ್ಲ. ಎರಡನೆಯ ಗ್ಯಾರೇಜಿನವರು ಸೀಟು ಎತ್ತಿ ಒಮ್ಮೆ ಇಣುಕಿ, ‘ಬೇರಿಂಗ್ ಹೋಗಿದೆ, ಎಂಜಿನ್ ಇಳಿಸಬೇಕು, ₹28 ಸಾವಿರ ಆಗುತ್ತೆ’ ಎಂದರು. ಅಪ್ಪ ನನ್ನ ಮುಖ ನೋಡಿದರು. ‘ನೀನು ಓದಿದವನು, ಏನು ಮಾಡೋಣ ಹೇಳಪ್ಪ’ ಎಂದರು. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ‘ಇಳಿಸಲೇಬೇಕು ಅಪ್ಪ’ ಎಂದುಬಿಟ್ಟೆ. ಮರುದಿನ ಅವರು ಸೊಸೈಟಿಯಿಂದ ಸಾಲದ ಅರ್ಜಿ ತಂದರು.

ಸಾಲ ಮಾಡುವ ಮುಂಚೆ ಒಮ್ಮೆ ತೋರಿಸಿ ಎಂದು ಸಂತೆಯ ಸ್ನೇಹಿತರೊಬ್ಬರು ವಯಸ್ಸಾದ ಮೆಕ್ಯಾನಿಕ್ ಒಬ್ಬರ ಬಳಿ ಕಳಿಸಿದರು. ಅವರು ಮೊದಲ ಹತ್ತು ನಿಮಿಷ ಸ್ಪ್ಯಾನರ್ ಮುಟ್ಟಲೇ ಇಲ್ಲ. ಬರೀ ಪ್ರಶ್ನೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಬರುತ್ತಾ, ಬಿಸಿಯಾದ ಮೇಲಾ? ಏರು ಹತ್ತುವಾಗ ಮಾತ್ರವಾ? ನಿಂತಲ್ಲೇ ರೇಸ್ ಮಾಡಿದರೂ ಬರುತ್ತಾ?

ಒಂದೊಂದು ಪ್ರಶ್ನೆಯೂ ಒಂದೊಂದು ಅನುಮಾನವನ್ನು ಪರೀಕ್ಷಿಸುತ್ತಿತ್ತು. ಏರಿನಲ್ಲಿ ಮಾತ್ರ ಬಂದರೆ ಇಗ್ನಿಷನ್ ಟೈಮಿಂಗ್ ಮೇಲೆ ಅನುಮಾನ. ಕ್ಯಾಮ್‌ಶಾಫ್ಟ್ ತಿರುಗುವುದು ಕ್ರ್ಯಾಂಕ್‌ಶಾಫ್ಟ್‌ನ ಅರ್ಧ ವೇಗದಲ್ಲಿ. ಹಾಗಾಗಿ ಟ್ಯಾಪೆಟ್ ಸದ್ದಿನ ತಾಳವೇ ಬೇರೆ. ಬೇರಿಂಗ್ ಹೋದರೆ ತಗಡು ಬಡಿದಂತಲ್ಲ, ಒಳಗಿನಿಂದ ಗುದ್ದಿದಂತೆ ಕೇಳುತ್ತದೆ.

ಆಮೇಲೆ ಒಂದೊಂದೇ ಪ್ಲಗ್‌ನ ವೈರ್ ತೆಗೆದು ನೋಡಿದರು. ಕನೆಕ್ಟಿಂಗ್ ರಾಡ್‌ನ ಬೇರಿಂಗ್ ಆಗಿದ್ದರೆ ಆ ಸಿಲಿಂಡರ್ ಕೆಲಸ ನಿಲ್ಲಿಸಿದಾಗ ಸದ್ದು ತಗ್ಗಬೇಕಿತ್ತು. ತಗ್ಗಲಿಲ್ಲ. ಫ್ಯಾನ್ ಬೆಲ್ಟ್ ಬಿಚ್ಚಿ ಕೆಲವೇ ಸೆಕೆಂಡು ಓಡಿಸಿದರು. ಆಲ್ಟರ್ನೇಟರ್, ವಾಟರ್ ಪಂಪ್ ಎರಡೂ ನಿಂತಿದ್ದರೂ ಸದ್ದು ನಿಲ್ಲಲಿಲ್ಲ. ಉದ್ದನೆಯ ಸ್ಕ್ರೂಡ್ರೈವರ್‌ನ ತುದಿಯನ್ನು ಎಂಜಿನ್‌ಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ಆಲಿಸಿದರು. ಕೊನೆಗೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಮೇಲಿನ ತಗಡಿನ ಹೊದಿಕೆಯನ್ನು ಮರದ ಕೋಲಿನಿಂದ ಅದುಮಿದರು. ಸದ್ದು ನಿಂತಿತು! ಬೋಲ್ಟ್ ಕೂರುವ ಜಾಗದಲ್ಲಿ ತಗಡು ಬಿರುಕು ಬಿಟ್ಟಿತ್ತು. ಅಗಲದ ವಾಷರ್ ಹಾಕಿ ಬಿಗಿಮಾಡಿದರು.

ಕೇಳಿದ್ದು ₹200. ₹6,400ಕ್ಕೆ ಚಕಾರ ಎತ್ತದ ಅಪ್ಪ, ‘ಒಂದು ವಾಷರ್‌ಗೆ ಇನ್ನೂರಾ?’ ಎಂದರು. ನಿಜ ಹೇಳಬೇಕೆಂದರೆ ನನ್ನ ನಾಲಿಗೆಯ ತುದಿಯಲ್ಲೂ ಅದೇ ಮಾತಿತ್ತು.

ನನ್ನ ತಕರಾರು ಇಲ್ಲೇ. ಕೈಗೆ ಸಿಗುವ ವಸ್ತುವಿಗೆ ನಾವು ಹಣ ಕೊಡುತ್ತೇವೆ, ತೊಂದರೆ ಪತ್ತೆ ಹಚ್ಚಿದ ಬುದ್ಧಿಗೆ ಕೊಡುವುದಿಲ್ಲ. ಹೀಗಿದ್ದ ಮೇಲೆ ಗ್ಯಾರೇಜಿನವರು ಬಿಡಿಭಾಗ ಬದಲಿಸದೆ ಇನ್ನೇನು ಮಾಡಿಯಾರು? ಮೋಸ ಮಾಡುವವರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ‘ಗೊತ್ತಿಲ್ಲ, ಅರ್ಧ ಗಂಟೆ ನೋಡಿ ಹೇಳುತ್ತೇನೆ’ ಎನ್ನುವ ಪ್ರಾಮಾಣಿಕನನ್ನು ಬಿಟ್ಟು, ಥಟ್ಟನೆ ಉತ್ತರ ಹೇಳುವವನ ಬಳಿ ಹೋಗುವವರು ನಾವೇ.

ಕಾಲೇಜಿನಲ್ಲೂ ಇದೇ ಕಥೆ. ಲ್ಯಾಬಿನಲ್ಲಿ ಚೆನ್ನಾಗಿ ಓಡುವ ಎಂಜಿನ್ನಿನ ರೀಡಿಂಗ್ ಬರೆದುಕೊಂಡು ರೆಕಾರ್ಡ್ ತುಂಬಿಸಿದೆವು. ಒಂದು ಬೋಲ್ಟ್ ಸಡಿಲ ಮಾಡಿಟ್ಟು ‘ಏನಾಗಿದೆ, ಕಂಡುಹಿಡಿ’ ಎಂದು ಯಾರೂ ಕೇಳಲಿಲ್ಲ. ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂತಹ ಒಂದು ಪ್ರಶ್ನೆ ಇದ್ದಿದ್ದರೆ ಅಂದು ಅಪ್ಪನ ಮುಂದೆ ನಾನು ಸುಳ್ಳು ಧೈರ್ಯ ತೋರಿಸುತ್ತಿರಲಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಸೋತಾಗಲೂ ನಮ್ಮ ದಾರಿ ಹೀಗೆಯೇ: ಅಂಕ ಎಲ್ಲಿ ಹೋಯಿತೆಂದು ನೋಡುವ ಮುಂಚೆಯೇ ಕೋಚಿಂಗ್ ಸೆಂಟರ್ ಬದಲು, ಪುಸ್ತಕ ಬದಲು.

ಎಲ್ಲ ಸದ್ದೂ ಇನ್ನೂರು ರೂಪಾಯಿಗೆ ನಿಲ್ಲುವುದಿಲ್ಲ. ಒಳಗಿನಿಂದ ಗುದ್ದುವ ಸದ್ದು ಬಂದು ಆಯಿಲ್ ದೀಪವೂ ಹೊತ್ತಿಕೊಂಡರೆ ಗಾಡಿಯನ್ನು ಅಲ್ಲೇ ನಿಲ್ಲಿಸಬೇಕು. ಯಾವುದು ಯಾವ ಸದ್ದು ಎಂದು ತಿಳಿಯಲಿಕ್ಕಾದರೂ ಮೊದಲು ಕೇಳಿಸಿಕೊಳ್ಳಬೇಕಲ್ಲ?

ಮುಂದಿನ ಸಲ ಗ್ಯಾರೇಜಿನಲ್ಲಿ ‘ಇದನ್ನು ಬದಲಿಸಬೇಕು’ ಎಂದರೆ ‘ಎಷ್ಟಾಗುತ್ತೆ?’ ಎನ್ನುವ ಮುಂಚೆ ‘ಹೇಗೆ ಗೊತ್ತಾಯ್ತು?’ ಎಂದು ಕೇಳಿ. ಸರಿಯಾಗಿ ವಿವರಿಸಿದವರ ಜೊತೆ ಚೌಕಾಸಿ ಮಾಡಬೇಡಿ. ಆ ಸಾಲದ ಅರ್ಜಿ ಓಮ್ನಿಯ ಡ್ಯಾಶ್‌ಬೋರ್ಡಿನಲ್ಲಿ ಈಗಲೂ ಹಾಗೇ ಇದೆ. ಅದನ್ನು ತೆಗೆದು ಬಿಸಾಡಲು ನನಗೇ ಮನಸ್ಸು ಬಂದಿಲ್ಲ.