ಗೀಸರ್ ಹೊತ್ತಿಕೊಳ್ಳದಿದ್ದರೆ...



ಡಿಸೆಂಬರ್ ಬಂತೆಂದರೆ ನಮ್ಮ ಚಿಂತಾಕಿ, ಔರಾದ್ ಕಡೆ ಚಳಿ ಮೂಳೆಗೇ ಇಳಿಯುತ್ತದೆ. ಫಜ್ರ್‌ಗೆ ಏಳುವ ಹಿರಿಯರ ವುಝೂಗೆ, ಶಾಲೆಗೆ ಹೊರಡುವ ಮಕ್ಕಳ ಸ್ನಾನಕ್ಕೆ ಬಿಸಿನೀರು ಬೇಕೇ ಬೇಕು. ಹಿಂದೆ ಬಚ್ಚಲಲ್ಲಿ ಹಂಡೆ ಇತ್ತು, ಉರಿಸಲು ತೊಗರಿ ಕಟ್ಟಿಗೆ ಇತ್ತು. ಹೊಗೆ ಕುಡಿಯುವ ಕೆಲಸ ಮಾತ್ರ ಯಾವಾಗಲೂ ಮನೆಯ ಹೆಂಗಸರದೇ. ಈಗ ಹಲವು ಮನೆಗಳಿಗೆ ಗ್ಯಾಸ್ ಗೀಸರ್ ಬಂದಿದೆ. ಕರೆಂಟ್ ಹೋದರೂ ನಡೆಯುತ್ತದೆ ಎಂಬುದೇ ಅದರ ದೊಡ್ಡ ಗುಣ. ಆದರೆ ನಸುಕಿನಲ್ಲಿ ನಲ್ಲಿ ತಿರುಗಿಸಿದಾಗ ಅದು ಹೊತ್ತಿಕೊಳ್ಳದಿದ್ದರೆ ಏನು ಮಾಡುವುದು? ರಿಪೇರಿಯವರು ಬೀದರ್‌ನಿಂದ ಬರುವುದರೊಳಗೆ ಎರಡು ದಿನ ಕಳೆದಿರುತ್ತದೆ.

ಮೊದಲು ಅದು ಹೊತ್ತಿಕೊಳ್ಳುವ ಬಗೆಯನ್ನು ತಿಳಿಯಿರಿ. ನೀವು ನಲ್ಲಿ ತೆರೆದಾಗ ಹರಿಯುವ ನೀರು ಒಳಗಿನ ರಬ್ಬರ್ ಪರದೆಯನ್ನು ತಳ್ಳುತ್ತದೆ. ಪರದೆ ಒಂದು ಸಣ್ಣ ಸ್ವಿಚ್ಚನ್ನು ಒತ್ತುತ್ತದೆ. ಆಗ ಬ್ಯಾಟರಿಯಿಂದ ‘ಟಕ್ ಟಕ್’ ಎಂದು ಕಿಡಿ ಹಾರುತ್ತದೆ, ಗ್ಯಾಸಿನ ಬಾಗಿಲು ತೆರೆಯುತ್ತದೆ. ಜ್ವಾಲೆಯ ಪಕ್ಕದಲ್ಲಿರುವ ಒಂದು ಕಡ್ಡಿ ಬೆಂಕಿ ಹೊತ್ತಿತೇ ಎಂದು ನೋಡುತ್ತದೆ. ಹೊತ್ತಿಲ್ಲವಾದರೆ ಕೆಲವೇ ಸೆಕೆಂಡುಗಳಲ್ಲಿ ಗ್ಯಾಸನ್ನು ಮುಚ್ಚುತ್ತದೆ. ಇಷ್ಟು ಗೊತ್ತಿದ್ದರೆ ಕಿವಿಯಿಂದಲೇ ಅರ್ಧ ರೋಗ ಪತ್ತೆ ಹಚ್ಚಬಹುದು.

ಟಕ್ ಟಕ್ ಸದ್ದೇ ಇಲ್ಲವೇ? ಹಾಗಿದ್ದರೆ ದೋಷ ಗ್ಯಾಸಿನದಲ್ಲ, ಬ್ಯಾಟರಿಯದು ಅಥವಾ ನೀರಿನದು. ಹೆಚ್ಚಿನ ಗೀಸರ್‌ಗಳ ಅಡಿಯಲ್ಲಿ 1.5 ವೋಲ್ಟಿನ ಎರಡು ದಪ್ಪ ಬ್ಯಾಟರಿಗಳಿರುತ್ತವೆ. ಮಕ್ಕಳ ಆಟಿಕೆಯಿಂದ ತೆಗೆದ ಹಳೆಯದನ್ನು ಹಾಕಬೇಡಿ, ಎರಡನ್ನೂ ಒಟ್ಟಿಗೆ ಹೊಸದಾಗಿ ಹಾಕಿ. ತುಕ್ಕು ಹಿಡಿದ ತಗಡನ್ನು ಒಣಬಟ್ಟೆಯಿಂದ ಉಜ್ಜಿ. ಇನ್ನು ನೀರು. ನಮ್ಮಲ್ಲಿ ಟ್ಯಾಂಕು ಒಂದಂತಸ್ತಿನ ಮಾಳಿಗೆಯ ಮೇಲೆಯೇ ಕುಳಿತಿರುತ್ತದೆ. ಅಷ್ಟು ಎತ್ತರದ ನೀರಿಗೆ ಪರದೆಯನ್ನು ತಳ್ಳುವ ಬಲ ಸಾಲದೇ ಹೋಗಬಹುದು. ಗೀಸರಿಗಿಂತ ಎರಡು ಮೂರು ಮೀಟರಾದರೂ ಮೇಲಿದ್ದರೆ ಒಳ್ಳೆಯದು. ಬೋರಿನ ಗಡಸು ನೀರಾದರೆ ಶವರಿನ ತೂತುಗಳಲ್ಲೂ ನೀರು ಒಳಬರುವ ಕಡೆಯ ಜಾಲರಿಯಲ್ಲೂ ಬಿಳಿ ಸುಣ್ಣ ಕಟ್ಟುತ್ತದೆ. ಶವರ್ ಬಿಚ್ಚಿಟ್ಟು, ಬರೀ ನಲ್ಲಿಯಿಂದ ನೀರು ಬಿಟ್ಟು ನೋಡಿ. ಆಗ ಹೊತ್ತಿಕೊಂಡರೆ ಕಾರಣ ಸಿಕ್ಕಿತು.

ಸದ್ದು ಬರುತ್ತಿದೆ, ಬೆಂಕಿ ಇಲ್ಲ ಎಂದಾದರೆ ಗ್ಯಾಸ್ ನೋಡಬೇಕು. ರೆಗ್ಯುಲೇಟರ್ ತೆರೆದಿದೆಯೇ, ನಳಿಕೆ ಎಲ್ಲಾದರೂ ಮಡಚಿದೆಯೇ? ಹೊಸ ಸಿಲಿಂಡರ್ ಹಚ್ಚಿದ ದಿನ ನಳಿಕೆಯಲ್ಲಿ ಗಾಳಿ ಇರುವುದರಿಂದ ಮೊದಲ ಒಂದೆರಡು ಸಲ ಹೊತ್ತದಿರುವುದು ಸಹಜ.

“ಅದೇ ಸಿಲಿಂಡರಿಗೆ ಒಲೆ ಹೊತ್ತುತ್ತದೆ, ಗೀಸರ್ ಯಾಕೆ ಹೊತ್ತುವುದಿಲ್ಲ?” ಇದು ಚಳಿಗಾಲದಲ್ಲಿ ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ. ಒಲೆಯ ಒಂದು ಬರ್ನರಿಗಿಂತ ಗೀಸರ್ ನಾಲ್ಕೈದು ಪಟ್ಟು ಗ್ಯಾಸನ್ನು ಒಮ್ಮೆಲೇ ಬೇಡುತ್ತದೆ. ಸಿಲಿಂಡರಿನೊಳಗೆ ಇರುವುದು ದ್ರವ. ಅದು ಆವಿಯಾದರೆ ಮಾತ್ರ ಗ್ಯಾಸ್ ಬರುತ್ತದೆ, ಆವಿಯಾಗಲು ಶಾಖ ಬೇಕು. ಅದರಲ್ಲಿರುವ ಪ್ರೊಪೇನ್ ಸೊನ್ನೆಗಿಂತ 42 ಡಿಗ್ರಿ ಕೆಳಗೂ ಕುದಿಯುತ್ತದೆ, ಬ್ಯೂಟೇನ್ ಮಾತ್ರ ಸೊನ್ನೆಯ ಆಸುಪಾಸಿನಲ್ಲಿ. ಹಾಗಾಗಿ ಚಳಿ ಹೆಚ್ಚಿದಷ್ಟೂ ಒತ್ತಡ ಇಳಿಯುತ್ತದೆ, ಸಿಲಿಂಡರ್ ಮುಗಿಯುತ್ತಾ ಬಂದಾಗ ಇನ್ನೂ ಇಳಿಯುತ್ತದೆ. ಆಗ ಒಲೆಗೆ ಸಾಕಾದದ್ದು ಗೀಸರಿಗೆ ಸಾಲುವುದಿಲ್ಲ. ಬಿಸಿಲೇರಿದ ಮೇಲೆ ತಾನಾಗಿಯೇ ಹೊತ್ತಿಕೊಂಡರೆ ಇದೇ ಕಾರಣವೆಂದು ತಿಳಿಯಿರಿ. ಇದಕ್ಕಾಗಿ ಸಿಲಿಂಡರನ್ನು ಅಡ್ಡ ಮಲಗಿಸುವವರಿದ್ದಾರೆ, ಕುದಿಯುವ ನೀರಿನ ಬುಟ್ಟಿಯಲ್ಲಿ ನಿಲ್ಲಿಸುವವರೂ ಇದ್ದಾರೆ. ಎರಡೂ ಬೇಡ. ಅಡ್ಡ ಮಲಗಿಸಿದರೆ ದ್ರವವೇ ರೆಗ್ಯುಲೇಟರಿಗೆ ನುಗ್ಗುತ್ತದೆ, ಆಗ ಬರುವ ಬೆಂಕಿ ಯಾರ ಹಿಡಿತಕ್ಕೂ ಸಿಗದು.

ಹೊತ್ತಿ ಕೂಡಲೇ ಆರಿಹೋಗುತ್ತಿದ್ದರೆ ಆಗಲೂ ಮೊದಲು ಬ್ಯಾಟರಿಯನ್ನೇ ನೋಡಿ. ನಂತರ ಆ ಕಾವಲು ಕಡ್ಡಿಗೆ ಮಸಿ ಹಿಡಿದಿರಬಹುದು, ಅದನ್ನು ಬಲ್ಲವರಿಂದ ಶುಚಿ ಮಾಡಿಸಿ. ಇಪ್ಪತ್ತು ನಿಮಿಷದ ಬಳಿಕ ಆರಿದರೆ ಅದು ಕೆಟ್ಟಿದ್ದಲ್ಲ. ಹಲವು ಗೀಸರ್‌ಗಳಲ್ಲಿ ಹಾಗೆ ಆರಲೆಂದೇ ಗಡಿಯಾರ ಇಟ್ಟಿರುತ್ತಾರೆ. ಕೆಲವು ಮೆಕ್ಯಾನಿಕ್‌ಗಳು “ಇದೇ ತೊಂದರೆ ಕೊಡುತ್ತಿರುವುದು” ಎಂದು ಕಡ್ಡಿಯ ತಂತಿಯನ್ನು ತಪ್ಪಿಸಿ ಜೋಡಿಸಿ ಹೋಗುತ್ತಾರೆ. ಹಣ ಕೊಡುವ ಮುನ್ನ ಕೇಳಿ, ಹಾಗೆ ಮಾಡಲು ಬಿಡಬೇಡಿ. ಬೆಂಕಿಯಿಲ್ಲದೆ ಗ್ಯಾಸ್ ಹರಿಯದಂತೆ ತಡೆಯುವುದು ಅದೊಂದೇ.

ಹೊತ್ತಲಿಲ್ಲವೆಂದು ಬಿಟ್ಟೂಬಿಡದೆ ನಲ್ಲಿ ತಿರುಗಿಸುತ್ತಾ ನಿಲ್ಲಬೇಡಿ. ಎರಡು ಮೂರು ಸಲ ನೋಡಿ, ನಡುನಡುವೆ ಕೆಲವು ನಿಮಿಷ ಬಿಡಿ. ಬೆಂಕಿಕಡ್ಡಿ ಗೀರಿ ಬರ್ನರಿಗೆ ಹಿಡಿಯುವುದಂತೂ ಬೇಡವೇ ಬೇಡ. ಅಡಿಗೆ ಗ್ಯಾಸ್ ಗಾಳಿಗಿಂತ ಭಾರ, ಬಚ್ಚಲಿನ ನೆಲದಲ್ಲೇ ಕುಳಿತಿರುತ್ತದೆ. ವಾಸನೆ ಬಂದರೆ ರೆಗ್ಯುಲೇಟರ್ ಮುಚ್ಚಿ, ಬಾಗಿಲು ತೆರೆಯಿರಿ, ಯಾವ ಸ್ವಿಚ್ಚನ್ನೂ ಮುಟ್ಟದೆ ಹೊರಬಂದು 1906ಕ್ಕೆ ಫೋನ್ ಮಾಡಿ.

ಈಗ ನಾನು ಹೇಳಲೇಬೇಕಾದ ಮಾತಿಗೆ ಬರುತ್ತೇನೆ. ಹೊತ್ತದ ಗೀಸರ್ ನಮ್ಮನ್ನು ಸತಾಯಿಸುತ್ತದೆ, ಹೊತ್ತಿದ ಗೀಸರ್ ಜೀವ ತೆಗೆಯಬಲ್ಲದು. 2025ರ ಅಕ್ಟೋಬರ್‌ನಲ್ಲಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣದಲ್ಲಿ ಸ್ನಾನಕ್ಕೆಂದು ಹೋದ ಅಕ್ಕ-ತಂಗಿ ಗ್ಯಾಸ್ ಗೀಸರಿನ ಅನಿಲದಿಂದ ಉಸಿರುಗಟ್ಟಿ ತೀರಿಕೊಂಡರು. ಇಬ್ಬರೂ ಎಳೆಯ ಪ್ರಾಯದವರು.

ಮುಚ್ಚಿದ ಕೋಣೆಯಲ್ಲಿ ಗೀಸರ್ ಉರಿದಂತೆ ಆಮ್ಲಜನಕ ಕಡಿಮೆಯಾಗುತ್ತದೆ. ಆಗ ಅರೆಬರೆ ಉರಿಯುವ ಜ್ವಾಲೆಯಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅಡಿಗೆ ಗ್ಯಾಸಿಗೆ ವಾಸನೆ ಬೆರೆಸಿರುತ್ತಾರೆ, ಇದಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಕ್ಕಿದ ಬಿಗಿಯಲ್ಲಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದು ಕಾಲುಗಳ ಬಲ ಹೋಗುತ್ತದೆ. ಚಿಲಕ ಒಂದು ಮೊಳ ದೂರದಲ್ಲಿದ್ದರೂ ಕೈ ಏಳುವುದಿಲ್ಲ. ನಮ್ಮ ಹೆಣ್ಣುಮಕ್ಕಳು ಪರದೆಗಾಗಿ, ಚಳಿಗಾಗಿ ಕಿಟಕಿಯ ಸಂದಿಗೂ ಬಟ್ಟೆ ತುರುಕುತ್ತಾರಲ್ಲ, ಅದನ್ನು ನೆನೆದರೆ ನನಗೆ ಭಯವಾಗುತ್ತದೆ. ಗಾಳಿ ಒಳಬರಲು ದಾರಿಯಿಲ್ಲದೆ ಎಕ್ಸಾಸ್ಟ್ ಫ್ಯಾನ್ ತಿರುಗಿಯೂ ಪ್ರಯೋಜನವಿಲ್ಲ.

ಗೀಸರ್ ಇರಬೇಕಾದ ಜಾಗ ಬಚ್ಚಲಿನ ಹೊರಗೋಡೆ, ಗಾಳಿಯಾಡುವ ಅಂಗಳದ ಕಡೆ. ಒಳಗೆ ಬರಬೇಕಾದದ್ದು ಬಿಸಿನೀರಿನ ಕೊಳವೆ ಮಾತ್ರ. ಕೊಳವೆಯ ಖರ್ಚು ಗೀಸರಿನ ಬೆಲೆಯ ಮುಂದೆ ದೊಡ್ಡದಲ್ಲ. ಅಷ್ಟರವರೆಗೆ ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಬಾಗಿಲು ತೆರೆದಿಟ್ಟು ಗಾಳಿಯಾಡಿದ ಮೇಲೆಯೇ ಸ್ನಾನಕ್ಕೆ ಹೋಗಿ. ಜ್ವಾಲೆ ನೀಲಿ ಇರಲಿ, ಹಳದಿಯಾದರೆ ಆ ದಿನದಿಂದಲೇ ಬಳಕೆ ನಿಲ್ಲಿಸಿ.

ಒಳಗಿರುವವರು ತಡಮಾಡಿದರೆ ಹೊರಗಿನಿಂದ ಕರೆಯಿರಿ. ಉತ್ತರ ಬರದಿದ್ದರೆ ಸಂಕೋಚ ಬೇಡ, ಬಾಗಿಲು ಒಡೆದು ಅವರನ್ನು ಬಯಲಿಗೆ ತಂದು 108ಕ್ಕೆ ಕರೆ ಮಾಡಿ.