ಕೂಲರ್ ನೀರು ಕಂಪ್ಯೂಟರಿಗೆ ಬಿದ್ದರೆ

ಮಕ್ಕಳೇ, ಅಜ್ಜ-ಅಜ್ಜಿಯರೇ,

ಏಪ್ರಿಲ್ ಬಂತೆಂದರೆ ಕಲಬುರಗಿಯಲ್ಲಿ ಬಿಸಿಲು 40 ಡಿಗ್ರಿ ದಾಟುವುದು ಹೊಸ ಸುದ್ದಿಯೇನಲ್ಲ. ಮಧ್ಯಾಹ್ನ ಬೀದಿಗಳು ಬಿಕೋ ಎನ್ನುತ್ತವೆ. ಮನೆಯೊಳಗೆ ಮಾತ್ರ ಕೂಲರಿನ ಗುಂಯ್ ಎನ್ನುವ ಸದ್ದು. ಶಾಲೆಗೆ ರಜೆ ಇರುವುದರಿಂದ ಮಕ್ಕಳೆಲ್ಲ ಕೂಲರ್ ಇರುವ ಕೋಣೆಯಲ್ಲೇ ಬಿಡಾರ ಹೂಡುತ್ತಾರೆ. ಕಂಪ್ಯೂಟರ್ ಇದ್ದರೆ ಅದೂ ಅದೇ ಕೋಣೆಗೆ ಬರುತ್ತದೆ. ನೀರು ತುಂಬಿದ ಯಂತ್ರವೂ ನೀರನ್ನು ಸಹಿಸದ ಯಂತ್ರವೂ ಅಕ್ಕಪಕ್ಕ ಕೂತ ಮೇಲೆ ಒಂದು ದಿನ ಅವಘಡ ಆಗದೇ ಇರುತ್ತದೆಯೇ? ಪೈಪು ಜಾರುತ್ತದೆ, ತೊಟ್ಟಿ ತುಂಬಿ ಹರಿಯುತ್ತದೆ, ತಳದಲ್ಲಿ ತೂತು ಬೀಳುತ್ತದೆ. ಈ ವಾರ ಅದರ ಬಗ್ಗೆಯೇ ಮಾತಾಡೋಣ.

ಮೊದಲು ಕೂಲರ್ ಹೇಗೆ ತಂಪು ಮಾಡುತ್ತದೆ ಎಂದು ನೋಡೋಣ. ಒಂದು ಸಣ್ಣ ಪಂಪು ತೊಟ್ಟಿಯ ನೀರನ್ನು ಮೇಲೆತ್ತಿ ಹುಲ್ಲಿನ ಪ್ಯಾಡಿನ ಮೇಲೆ ಸುರಿಯುತ್ತದೆ. ಫ್ಯಾನು ಹೊರಗಿನ ಬಿಸಿಗಾಳಿಯನ್ನು ಆ ಒದ್ದೆ ಹುಲ್ಲಿನ ಮೂಲಕ ಎಳೆಯುತ್ತದೆ. ನೀರು ಆವಿಯಾಗುವಾಗ ಗಾಳಿಯಲ್ಲಿನ ಶಾಖವನ್ನು ಹೀರಿಕೊಳ್ಳುತ್ತದೆ. ಅಜ್ಜಿಯ ಮಣ್ಣಿನ ಗಡಿಗೆಯಲ್ಲಿ ನೀರು ತಣ್ಣಗಾಗುವುದೂ ಇದೇ ಉಪಾಯದಿಂದ. ಒಂದು ಲೀಟರ್ ನೀರು ಪೂರ್ತಿ ಆವಿಯಾಗಲು ಎಷ್ಟು ಶಾಖ ಬೇಕೋ, ಅಷ್ಟೇ ಶಾಖದಿಂದ ಸುಮಾರು 8 ಲೀಟರ್ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಬಹುದು!

ಆದರೆ ಆವಿಯಾಗುವುದು ನೀರು ಮಾತ್ರ. ಅದರಲ್ಲಿ ಕರಗಿದ ಉಪ್ಪು, ಸುಣ್ಣದಂಶ ತೊಟ್ಟಿಯಲ್ಲೇ ಉಳಿಯುತ್ತವೆ. ನಾವು ಮತ್ತೆ ನೀರು ತುಂಬುತ್ತೇವೆ, ಅದೂ ಆವಿಯಾಗುತ್ತದೆ, ಇನ್ನಷ್ಟು ಉಪ್ಪು ಸೇರುತ್ತದೆ. ಕೊಳವೆಬಾವಿಯ ಗಡುಸು ನೀರಾದರಂತೂ ಹುಲ್ಲಿನ ಮೇಲೆ ಬಿಳಿ ಪೊರೆಯೇ ಕಟ್ಟುತ್ತದೆ. ಆದ್ದರಿಂದ ತೊಟ್ಟಿಯ ತಳದಲ್ಲಿ ಉಳಿದ ನೀರು ನಲ್ಲಿಯ ನೀರಿಗಿಂತ ಹೆಚ್ಚು ಉಪ್ಪಿನದು. ಈ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಂಪ್ಯೂಟರಿನ ಹೊಟ್ಟೆಯೊಳಗೂ ತಂಪು ಮಾಡುವ ವ್ಯವಸ್ಥೆ ಇದೆ. ಪ್ರೊಸೆಸರ್ ಕೆಲಸ ಮಾಡುವಾಗ ಬಿಸಿಯಾಗುತ್ತದೆ. ಅದರ ಮೇಲೆ ಲೋಹದ ಪಟ್ಟಿಗಳ ಗೂಡು, ಗೂಡಿನ ಮೇಲೊಂದು ಪುಟ್ಟ ಫ್ಯಾನು ಇರುತ್ತದೆ. ದೊಡ್ಡ ಆಟಗಳಿಗೆ, ವಿಡಿಯೊ ಕೆಲಸಕ್ಕೆ ಬಳಸುವ ಕೆಲವು ಕಂಪ್ಯೂಟರುಗಳಲ್ಲಿ ಕೊಳವೆಗಳಲ್ಲಿ ದ್ರವ ಹರಿಸಿ ತಂಪು ಮಾಡುತ್ತಾರೆ. ಅಲ್ಲಿಯೂ ಕೊಳವೆಯ ಜೋಡಣೆ ಸಡಿಲಾದರೆ ಸೋರಿಕೆ ಆಗುತ್ತದೆ. ಸೋರಿದ್ದು ಒಳಗಿನದಾಗಲಿ, ಹೊರಗಿನ ಕೂಲರಿನದಾಗಲಿ, ಉಪಚಾರ ಹೆಚ್ಚು ಕಡಿಮೆ ಒಂದೇ.

ಇಲ್ಲಿ ಒಂದು ಸೋಜಿಗ ಕೇಳಿ. 1985ರಲ್ಲಿ ಅಮೆರಿಕದಲ್ಲಿ ಕ್ರೇ-2 ಎಂಬ ಸೂಪರ್ ಕಂಪ್ಯೂಟರ್ ಬಂತು. ಅದರ ಸರ್ಕಿಟ್‌ಗಳನ್ನೆಲ್ಲ ಫ್ಲೋರಿನರ್ಟ್ ಎಂಬ ದ್ರವದಲ್ಲಿ ಮುಳುಗಿಸಿಯೇ ಇಟ್ಟಿದ್ದರು! ಆದರೂ ಅದು ಕೆಲಸ ಮಾಡುತ್ತಿತ್ತು. ಏಕೆಂದರೆ ಆ ದ್ರವದಲ್ಲಿ ವಿದ್ಯುತ್ ಹರಿಯುವುದಿಲ್ಲ. ಅಂದರೆ ಒದ್ದೆಯಾದ ಮಾತ್ರಕ್ಕೆ ಕಂಪ್ಯೂಟರ್ ಸಾಯುವುದಿಲ್ಲ. ಉಪ್ಪಿನ ನೀರೂ ಕರೆಂಟೂ ಒಂದೇ ಹೊತ್ತಿಗೆ ಸೇರಿದಾಗ ಹೆಚ್ಚಿನ ಅನಾಹುತ ಆಗುತ್ತದೆ.

ಇದನ್ನು ನೀವೇ ಮಾಡಿ ನೋಡಬಹುದು. ಎರಡು ಲೋಟಗಳಲ್ಲಿ ಉಪ್ಪು ಬೆರೆಸಿದ ನೀರು ಹಾಕಿ. ಎರಡರಲ್ಲೂ ಎರಡೆರಡು ತಾಮ್ರದ ತಂತಿ ಇಳಿಬಿಡಿ. ತುದಿಗಳು ಒಂದಕ್ಕೊಂದು ತಾಗಬಾರದು. ಒಂದು ಲೋಟದ ತಂತಿಗಳನ್ನು ಮಾತ್ರ ಟಾರ್ಚಿನ ನಾಲ್ಕು ಸೆಲ್ಲುಗಳ ಸಾಲಿಗೆ ಜೋಡಿಸಿ, ಹತ್ತು ನಿಮಿಷ ಬಿಡಿ. ಸೆಲ್ಲು ಜೋಡಿಸಿದ ಲೋಟದಲ್ಲಿ ಗುಳ್ಳೆಗಳೇಳುತ್ತವೆ. ಧನ ತುದಿಗೆ ಜೋಡಿಸಿದ ತಂತಿಯ ಬಣ್ಣ ಕೆಡುತ್ತದೆ, ನೀರಿನ ಬಣ್ಣವೂ ಬದಲಾಗುತ್ತದೆ. ಇನ್ನೊಂದು ಲೋಟದ ತಂತಿಗಳು ಇದ್ದ ಹಾಗೇ ಇರುತ್ತವೆ. ಕಿಟಕಿ ತೆರೆದಿಟ್ಟು ಮಾಡಿ, ಮುಗಿದ ಮೇಲೆ ನೀರು ಚೆಲ್ಲಿ ಕೈ ತೊಳೆಯಿರಿ. ಸೆಲ್ಲು ಮಾತ್ರ ಬಳಸಿ, ಗೋಡೆಯ ಪ್ಲಗ್ಗಿನ ಹತ್ತಿರವೂ ಹೋಗಬೇಡಿ. ಒದ್ದೆ ಕಂಪ್ಯೂಟರನ್ನು ಚಾಲೂ ಮಾಡಿದರೆ ಮದರ್‌ಬೋರ್ಡಿನ ಕೂದಲೆಳೆಯಂಥ ತಾಮ್ರದ ಗೆರೆಗಳಿಗೆ ಆಗುವುದು ಮೊದಲನೇ ಲೋಟದ ತಂತಿಗೆ ಆದದ್ದೇ.

ಈಗ ಒಂದು ಮನೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಹುಡುಗಿ ಒಬ್ಬಳೇ ಕೋಣೆಯಲ್ಲಿದ್ದಾಳೆ. ಕೂಲರಿನ ನೀರು ಕಂಪ್ಯೂಟರಿನ ಡಬ್ಬಿಯ ಮೇಲೆ ಸುರಿದಿದೆ. ಪರದೆ ಕಪ್ಪಾಗಿದೆ. ಅವಳ ಎದೆ ಢವಢವ. ಅಪ್ಪ ಬೈದರೆ? ಟವೆಲಿನಿಂದ ಮೇಲೆ ಮೇಲೆ ಒರೆಸುತ್ತಾಳೆ. ಯಾರಿಗೂ ಗೊತ್ತಾಗುವ ಮೊದಲೇ ಸರಿಹೋಗಿಬಿಡಲಿ ಎಂದು ಗುಂಡಿ ಒತ್ತಿ ನೋಡುತ್ತಾಳೆ. ಕೆಡುವುದು ಆ ಗಳಿಗೆಯಲ್ಲಿ. ನೀರು ಅರ್ಧ ಕೆಡಿಸಿದ್ದನ್ನು ಹೆದರಿಕೆ ಪೂರ್ತಿ ಕೆಡಿಸುತ್ತದೆ.

ಅದೇ ಹುಡುಗಿ ಓಡಿಹೋಗಿ, ಕಮಲಾಪುರದಿಂದ ಬಂದಿರುವ ಮುತ್ಯಾನಿಗೆ, “ಮುತ್ಯಾ, ಕೂಲರ್ ನೀರು ಕಂಪ್ಯೂಟರ್ ಮ್ಯಾಲ ಬಿದ್ದದ” ಎಂದು ಹೇಳಿದಳೆನ್ನಿ. ಮುತ್ಯಾ ಕಂಪ್ಯೂಟರ್ ಮುಟ್ಟಿದವರೇ ಅಲ್ಲ. ಆದರೂ, “ಹೇಳಿದ್ದು ಛಲೋ ಮಾಡ್ದಿ. ಏನೂ ಮುಟ್ಟಬ್ಯಾಡ, ಮೊದಲ ಈ ಕಡೆ ಬಾ” ಎಂದರೆ ಸಾಕು. ಅರ್ಧ ರಿಪೇರಿ ಅಲ್ಲೇ ಆಯಿತು. ಅಜ್ಜ-ಅಜ್ಜಿಯರೇ, ನಿಮ್ಮ ಕೆಲಸ ಇಷ್ಟೇ, ಆದರೆ ಇದು ದೊಡ್ಡ ಕೆಲಸ. ಬೈಯುವುದಿದ್ದರೆ ಮೂರು ದಿನ ಬಿಟ್ಟು ಬೈಯಿರಿ. ಮೊದಲ ಎರಡು ನಿಮಿಷ ಬೈಗುಳಕ್ಕಲ್ಲ.

ಆ ಎರಡು ನಿಮಿಷದಲ್ಲಿ ಮಾಡಬೇಕಾದ್ದೇನು? ಮೊದಲು ಜೀವ, ಆಮೇಲೆ ಯಂತ್ರ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಕಲ್ಲು. ಅದರ ಮೇಲೆ ಚೆಲ್ಲಿದ ನೀರು ಕಣ್ಣಿಗೆ ಕಾಣದಂತೆ ದೂರದವರೆಗೆ ಹರಡಿರುತ್ತದೆ. ಒದ್ದೆ ನೆಲದ ಮೇಲೆ ನಿಂತು ಕೂಲರನ್ನಾಗಲಿ ಕಂಪ್ಯೂಟರನ್ನಾಗಲಿ ಮುಟ್ಟಬಾರದು. ತಗಡಿನ ಕೂಲರಿಗೆ ಅರ್ಥಿಂಗ್ ಸರಿಯಿಲ್ಲದಿದ್ದರೆ ಶಾಕ್ ಹೊಡೆದು ಜೀವವೇ ಹೋಗಬಹುದು. ಮಕ್ಕಳು ದೂರ ನಿಲ್ಲಲಿ. ದೊಡ್ಡವರು ಒಣಗಿದ ಕೈಯಿಂದ, ಕಾಲಿಗೆ ಚಪ್ಪಲಿ ಹಾಕಿಕೊಂಡು ಮೇನ್ ಸ್ವಿಚ್ ಆರಿಸಲಿ. ಆಮೇಲೆ ಎರಡೂ ಯಂತ್ರಗಳ ಪ್ಲಗ್ ಕೀಳಲಿ.

ಒಂದು ಮಾತು ಮರೆಯಬೇಡಿ. ಮೇನ್ ಆರಿಸಿದರೂ ಯುಪಿಎಸ್ ತನ್ನ ಬ್ಯಾಟರಿಯಿಂದ ಕಂಪ್ಯೂಟರಿಗೆ ಕರೆಂಟು ಕೊಡುತ್ತಲೇ ಇರುತ್ತದೆ. ಅದನ್ನೂ ಆರಿಸಿ, ಅದರಿಂದ ಬರುವ ವೈರನ್ನು ಬಿಡಿಸಬೇಕು. ಯುಪಿಎಸ್ಸೇ ಒದ್ದೆಯಾಗಿದ್ದರೆ ಮುಟ್ಟದೆ ಎಲೆಕ್ಟ್ರಿಷಿಯನ್‌ನನ್ನು ಕರೆಯಿರಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದನ್ನೂ ಬಂದ್ ಮಾಡಿಸಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಕಿತ್ತು, ಪವರ್ ಗುಂಡಿಯನ್ನು ಆರಿಹೋಗುವವರೆಗೆ ಒತ್ತಿ ಹಿಡಿಯಬೇಕು.

ಇನ್ನು ಮುಂದಿನದು ನಿಧಾನದ ಕೆಲಸ. ದೊಡ್ಡವರು ಮಾಡಲಿ, ಇಲ್ಲವೇ ರಿಪೇರಿ ಬಲ್ಲವರ ಕೈಗೆ ಕೊಡಿ. ಮಕ್ಕಳು ಪಕ್ಕದಲ್ಲಿದ್ದು ನೋಡಿ ಕಲಿಯಿರಿ. ಡಬ್ಬಿಯ ಪಕ್ಕದ ತಗಡು ಬಿಚ್ಚಿ, ಯಾವ ವೈರು ಎಲ್ಲಿತ್ತು ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುವುದು ನಿಮ್ಮ ಪಾಲಿನ ಕೆಲಸ. ಮದರ್‌ಬೋರ್ಡಿನ ಮೇಲೆ ಎಂಟಾಣೆಯಂಥ ಒಂದು ದುಂಡು ಸೆಲ್ಲು ಕಾಣುತ್ತದೆ. ಸಾಮಾನ್ಯವಾಗಿ ಅದು ಸಿಆರ್ 2032 ಎಂಬ 3 ವೋಲ್ಟ್ ಸೆಲ್ಲು. ಪ್ಲಗ್ ಕಿತ್ತರೂ ಅದರಿಂದ ಬೋರ್ಡಿನಲ್ಲಿ ಕರೆಂಟು ಉಳಿದಿರುತ್ತದೆ, ಅದನ್ನೂ ತೆಗೆಯಬೇಕು. ಕಂಪ್ಯೂಟರಿನ ಗಡಿಯಾರ ತಪ್ಪಬಹುದು, ಮತ್ತೆ ಸರಿಮಾಡಿದರಾಯಿತು. ತೆಗೆದ ಸೆಲ್ಲನ್ನು ಪುಟ್ಟ ಮಕ್ಕಳ ಕೈಗೆ ಸಿಗದಂತೆ ಎತ್ತಿಡಿ. ನುಂಗಿದರೆ ಬಹಳ ಅಪಾಯ.

ಕರೆಂಟು ಕೊಡುವ ಮುಚ್ಚಿದ ಪೆಟ್ಟಿಗೆಗೆ ಎಸ್‌ಎಂಪಿಎಸ್ ಎನ್ನುತ್ತಾರೆ. ಅದನ್ನು ಬಿಚ್ಚಲೇಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ವಿದ್ಯುತ್ ಉಳಿದಿರಬಹುದು. ಅದರೊಳಗೆ ನೀರು ಹೋಗಿದ್ದರೆ ಬದಲಿಸುವುದೇ ಲೇಸು.

ಒದ್ದೆಯಾದ ಬೋರ್ಡು, ರ್‍ಯಾಮ್, ಕಾರ್ಡುಗಳನ್ನು ಒಣಗಿಸಿದರಷ್ಟೇ ಸಾಲದು. ನೀರು ಆರಿದರೂ ಉಪ್ಪು ಉಳಿಯುತ್ತದೆ. ಕೂಲರಿನ ಹುಲ್ಲಿನ ಮೇಲಿನ ಬಿಳಿ ಪೊರೆ ನೆನಪಾಯಿತೇ? ಅದೇ ಪೊರೆ ಬೋರ್ಡಿನ ಮೇಲೂ ಕೂರುತ್ತದೆ. ಮಳೆಗಾಲದ ತೇವ ತಾಗಿದಾಗ ಮತ್ತೆ ಕಾಟ ಕೊಡುತ್ತದೆ. ಆದ್ದರಿಂದ ಬಲ್ಲವರು ಬೋರ್ಡನ್ನು ಡಿಸ್ಟಿಲ್ಡ್ ವಾಟರಿನಿಂದ ತೊಳೆದು, ಬಳಿಕ 99 ಶೇಕಡದ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಮೃದುವಾದ ಬ್ರಷ್ ಅದ್ದಿ ಉಜ್ಜುತ್ತಾರೆ. ಅದು ಬೇಗ ಬೆಂಕಿ ಹಿಡಿಯುವ ದ್ರವ, ಅಡುಗೆಮನೆಯಲ್ಲಿ ಆ ಕೆಲಸ ಬೇಡ. ಕೈಗೆ ಹಚ್ಚುವ ಸ್ಯಾನಿಟೈಸರ್ ಇದಕ್ಕೆ ಆಗದು. ಅದರಲ್ಲಿ ನೀರೂ ಬೇರೆ ಅಂಟು ಪದಾರ್ಥಗಳೂ ಇರುತ್ತವೆ.

ಆಮೇಲೆ ನೆರಳಿನಲ್ಲಿ, ಫ್ಯಾನಿನ ಗಾಳಿಗೆ, ಎರಡು ಮೂರು ದಿನ ಒಣಗಲು ಬಿಡಿ. ನಮ್ಮ ಬೇಸಿಗೆಯ ಒಣ ಗಾಳಿ ಇಲ್ಲಿ ಉಪಕಾರಕ್ಕೆ ಬರುತ್ತದೆ. ಹಾಗೆಂದು ಮಾಳಿಗೆಯ ಮೇಲೆ ಹಪ್ಪಳದ ಜೊತೆ ಬಿಸಿಲಿಗೆ ಇಡಬೇಡಿ, ಪ್ಲಾಸ್ಟಿಕ್ ಭಾಗಗಳು ಸೊಟ್ಟಗಾದಾವು. ಕೂದಲು ಒಣಗಿಸುವ ಬಿಸಿ ಡ್ರೈಯರ್ ಕೂಡ ಬೇಡ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಉಪಾಯವನ್ನು ಅನೇಕರು ಹೇಳುತ್ತಾರೆ. ಅಕ್ಕಿ ಗಾಳಿಗಿಂತ ಚೆನ್ನಾಗಿ ತೇವ ಹೀರುವುದಿಲ್ಲ, ಅದರ ಹಿಟ್ಟು ಸಂದಿಗೊಂದಿಗಳಲ್ಲಿ ಸೇರುತ್ತದೆ ಅಷ್ಟೆ. ಅಕ್ಕಿ ಅನ್ನಕ್ಕಿರಲಿ.

ಕಾಯುವುದು ಮಕ್ಕಳಿಗೆ ಕಷ್ಟ, ಅಜ್ಜಂದಿರಿಗೆ ಗೊತ್ತಿರುವ ವಿದ್ಯೆ. ಕಮಲಾಪುರದ ಕೆಂಪು ಬಾಳೆ ಬೆಳೆಯುವವರನ್ನು ಕೇಳಿ. ಅದು ಬೇರೆ ಬಾಳೆಗಿಂತ ಹೆಚ್ಚು ತಿಂಗಳು ತೆಗೆದುಕೊಳ್ಳುವ ಬೆಳೆ. ಅವಸರ ಮಾಡಿ ಗೊನೆ ಕಡಿದರೆ ರುಚಿಯೂ ಇಲ್ಲ, ಬೆಲೆಯೂ ಇಲ್ಲ. ಕಂಪ್ಯೂಟರಿಗೆ ಬೇಕಾದ್ದು ಮೂರೇ ದಿನ. “ಒಮ್ಮೆ ಹಚ್ಚಿ ನೋಡಲೇನು?” ಎಂದು ಮೊಮ್ಮಗ ಗಂಟೆಗೊಮ್ಮೆ ಕೇಳಿದರೆ ಒಂದು ಕಥೆ ಹೇಳಿ ಕೂರಿಸಿ.

ಇಷ್ಟೆಲ್ಲ ಮಾಡಿದರೂ ಯಂತ್ರ ಏಳದೇ ಹೋಗಬಹುದು. ಆಗಲೂ ಧೈರ್ಯಗೆಡಬೇಡಿ. ಬೋರ್ಡು ಅಂಗಡಿಯಲ್ಲಿ ಸಿಗುತ್ತದೆ. ಅಂಗಡಿಯಲ್ಲಿ ಸಿಗದಿರುವುದು ಡಿಸ್ಕಿನಲ್ಲಿರುತ್ತದೆ. ತೀರಿಹೋದ ಆಯಿಯ ಫೋಟೊ, ತಂಗಿಯ ಮೊದಲ ಹುಟ್ಟುಹಬ್ಬದ ವಿಡಿಯೊ, ನೀವು ಬರೆದ ಪ್ರಾಜೆಕ್ಟು. ಕಂಪ್ಯೂಟರ್ ಸತ್ತರೂ ಡಿಸ್ಕು ಬದುಕಿರಬಹುದು. ಅದಕ್ಕೆ ನೀರು ತಾಗಿರದಿದ್ದರೆ ಬೇರೆ ಕಂಪ್ಯೂಟರಿಗೆ ಜೋಡಿಸಿ ಎಲ್ಲವನ್ನೂ ತೆಗೆಯಬಹುದು. ಡಿಸ್ಕೇ ಒದ್ದೆಯಾಗಿದ್ದರೆ ಅದಕ್ಕೆ ಕರೆಂಟು ಕೊಡಬೇಡಿ, ಬಿಚ್ಚಲೂ ಬೇಡಿ. ಮಾಹಿತಿ ತೆಗೆದುಕೊಡುವ ಪರಿಣತರಿಗೆ ಒಪ್ಪಿಸಿ.

ಅದಕ್ಕಿಂತ ಒಳ್ಳೆಯದು, ಒಂದೇ ಗೂಡಿನಲ್ಲಿ ಎಲ್ಲ ಮೊಟ್ಟೆ ಇಡದಿರುವುದು. ಫೋಟೊಗಳ ಒಂದು ಪ್ರತಿಯನ್ನು ಹೊರಗಿನ ಡಿಸ್ಕಿಗೆ ತುಂಬಿ ಬೇರೆ ಊರಿನ ಮನೆಯಲ್ಲಿಡಿ. ಕಲಬುರಗಿಯ ಮನೆಯದು ಕಮಲಾಪುರದ ಮುತ್ಯಾನ ಕಪಾಟಿನಲ್ಲಿರಲಿ, ಕಮಲಾಪುರದ್ದು ಕಲಬುರಗಿಯಲ್ಲಿರಲಿ. ಹಬ್ಬಕ್ಕೆ ಹೋದಾಗಲೆಲ್ಲ ಹೊಸ ಫೋಟೊ ಸೇರಿಸಿ, ಸರಿಯಾಗಿ ತೆರೆಯುತ್ತದೆಯೇ ಎಂದು ನೋಡಿ ಬನ್ನಿ. ಎರಡೂ ಮನೆಗಳಲ್ಲಿ ಒಂದೇ ದಿನ ಕೂಲರ್ ಸೋರಲಾರದು.

ಕೊನೆಗೆ, ಈ ಬೇಸಿಗೆಯಲ್ಲಿ ಈಗಲೇ ಮಾಡಬಹುದಾದ ನಾಲ್ಕು ಕೆಲಸಗಳು:

ಕೂಲರನ್ನು ಕಂಪ್ಯೂಟರಿನಿಂದ ದೂರವಿಡಿ, ಅದಕ್ಕಿಂತ ಎತ್ತರದಲ್ಲಿ ಇಡಬೇಡಿ. ಕಂಪ್ಯೂಟರಿನ ಡಬ್ಬಿ ನೆಲದ ಮೇಲೆ ಬೇಡ, ಸ್ಟೂಲಿನ ಮೇಲಿರಲಿ.

ಪ್ಲಗ್ ಕಿತ್ತ ಮೇಲೆಯೇ ಕೂಲರಿಗೆ ನೀರು ತುಂಬಿ. ವಾರಕ್ಕೊಮ್ಮೆ ಹಳೆಯ ಉಪ್ಪುನೀರು ಚೆಲ್ಲಿ ತೊಟ್ಟಿ ತೊಳೆಯಿರಿ.

ಪ್ಲಗ್ಗಿಗೆ ಹೋಗುವ ವೈರು ಒಮ್ಮೆ ಕೆಳಗಿಳಿದು ಮತ್ತೆ ಮೇಲೇರುವಂತೆ ಬಿಡಿ. ವೈರಿನ ಗುಂಟ ಹರಿದು ಬಂದ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ಹೋಗುವುದಿಲ್ಲ.

ಮೂರು ಪಿನ್ನಿನ ಪ್ಲಗ್, ಸರಿಯಾದ ಅರ್ಥಿಂಗ್ ಇದೆಯೇ ಎಂದು ಎಲೆಕ್ಟ್ರಿಷಿಯನ್‌ನಿಂದ ನೋಡಿಸಿ. 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದರೆ ಕರೆಂಟು ಸೋರಿದ ಕೂಡಲೇ ಅದು ತಾನೇ ಬಂದ್ ಮಾಡುತ್ತದೆ.

ಮಕ್ಕಳೇ, ಈ ಪುಟವನ್ನು ಇವತ್ತೇ ಅಜ್ಜ-ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿ. ಮೇನ್ ಸ್ವಿಚ್ ಎಲ್ಲಿದೆ ಎಂದು ಕೇಳಿ ತಿಳಿದುಕೊಳ್ಳಿ. ಏನಾದರೂ ಚೆಲ್ಲಿದರೆ, ಒಡೆದರೆ, ಸುಟ್ಟ ವಾಸನೆ ಬಂದರೆ ಮೊದಲು ಬಂದು ಹೇಳುತ್ತೇನೆ ಎಂದು ನೀವು ಮಾತು ಕೊಡಿ. ಹೇಳಿದವರಿಗೆ ಬೈಯುವುದಿಲ್ಲ ಎಂದು ಅವರು ಮಾತು ಕೊಡಲಿ. ತಂಪಾಗಿರಿ, ಜೋಪಾನವಾಗಿರಿ. ಮುಂದಿನ ವಾರ ಸಿಗೋಣ.